ಎರಡೂ ಸ್ಪೀಕರಿನ ವೈರ್ ಉಲ್ಟಾ ಹಾಕಿದರೆ ಹಾಡು ಬೇರೆ ಥರ ಕೇಳುತ್ತದಾ? ಮನೆಯಲ್ಲೇ ಪರೀಕ್ಷೆ ಮಾಡುವ ದಾರಿ

ಹಾಸನದಲ್ಲಿ ಹಳೇ ಆಂಪ್ಲಿಫೈಯರ್, ಮರದ ಡಬ್ಬದ ದೊಡ್ಡ ಸ್ಪೀಕರ್ ಇಟ್ಟುಕೊಂಡು ಹಾಡು ಕೇಳುವ ಹುಚ್ಚು ಇರುವವರು ಕಡಿಮೆ ಏನಿಲ್ಲ. ಅಂಥವರು ಸೇರಿದ ಕಡೆ ಒಂದು ವಾದ ಬಂದೇ ಬರುತ್ತದೆ. "ನಿನ್ನ ಸಿಸ್ಟಂನಲ್ಲಿ ಅಬ್ಸಲ್ಯೂಟ್ ಫೇಸ್ ಉಲ್ಟಾ ಇದೆ ಕಣೋ, ಎರಡೂ ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲು ಮಾಡು, ಹಾಡುವವರು ಎದುರಿಗೇ ಬಂದು ಕೂತ ಹಾಗಾಗುತ್ತದೆ" ಅನ್ನುತ್ತಾನೆ ಒಬ್ಬ. "ಎಲ್ಲಾ ಭ್ರಮೆ" ಅಂತ ನಗುತ್ತಾನೆ ಇನ್ನೊಬ್ಬ. ಇಬ್ಬರೂ ಪರೀಕ್ಷೆ ಮಾಡಿರುವುದಿಲ್ಲ. ಮಾಡಿದ್ದರೂ ವೈರ್ ಯಾವ ಕಡೆ ಹಾಕಿದ್ದೇನೆ ಅಂತ ಗೊತ್ತಿಟ್ಟುಕೊಂಡೇ ಕೇಳಿರುತ್ತಾರೆ. ಅದು ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವ್ಯತ್ಯಾಸ ಇದೆ, ಸುಳ್ಳಲ್ಲ. ಆದರೆ ಅದು ಕೇಳಿಸುವುದು ಕೆಲವೇ ಬಗೆಯ ಶಬ್ದಗಳಲ್ಲಿ, ಅದೂ ಕಿವಿಗೊಟ್ಟು ಕೂತರೆ. ನಾವು ದಿನಾ ಕೇಳುವ ಹಾಡುಗಳಲ್ಲಿ ಬಹುಪಾಲು ಇಲ್ಲವೇ ಇಲ್ಲ ಅನ್ನಬಹುದು. ನನ್ನ ಮಾತು ನಂಬಬೇಡಿ. ಒಂದು ಕಂಪ್ಯೂಟರ್, ವೈರ್ ಇರುವ ಒಂದು ಹೆಡ್‌ಫೋನ್, ಒಂದು ಪೆನ್ಸಿಲ್ ಸೆಲ್ ಇದ್ದರೆ ಒಂದು ಭಾನುವಾರದಲ್ಲಿ ನೀವೇ ತಿಳಿದುಕೊಳ್ಳಬಹುದು.

ಏನನ್ನು ತಿರುಗಿಸುತ್ತಿದ್ದೇವೆ

ಹಾಡುವವರ ಬಾಯಿಂದ ಹೊರಟ ಗಾಳಿಯ ಒತ್ತಡ ಒಂದು ಕ್ಷಣ ಏರುತ್ತದೆ, ಮರುಕ್ಷಣ ಇಳಿಯುತ್ತದೆ. ಒತ್ತಡ ಏರಿದಾಗ ಮೈಕಿನಿಂದ ಪ್ಲಸ್ ವೋಲ್ಟೇಜ್ ಬರಬೇಕು. ಆ ಪ್ಲಸ್ ಕೊನೆಯವರೆಗೂ ಪ್ಲಸ್ ಆಗಿಯೇ ಉಳಿದು ನಿಮ್ಮ ಸ್ಪೀಕರಿನ ಕೋನ್ (ಹಿಂದೆ ಮುಂದೆ ಅಲುಗುವ ಬಟ್ಟಲಿನಂಥ ಭಾಗ) ಹೊರಗೆ, ನಿಮ್ಮ ಕಡೆಗೆ ಬರಬೇಕು. ಹೀಗೆ ಬಂದರೆ ಪೊಲಾರಿಟಿ ನೇರ. ಅಬ್ಸಲ್ಯೂಟ್ ಫೇಸ್ ಅನ್ನುವುದೂ ಇದನ್ನೇ. ನಡುವೆ ಎಲ್ಲೋ ಒಂದು ಕಡೆ ಎರಡು ತಂತಿ ಅದಲುಬದಲಾದರೆ ಏರಬೇಕಾದ್ದು ಇಳಿಯುತ್ತದೆ, ಇಳಿಯಬೇಕಾದ್ದು ಏರುತ್ತದೆ. ಇಷ್ಟೇ. ಶಬ್ದ ತಡವಾಗಿ ಬರುವುದಿಲ್ಲ, ಚಿಕ್ಕದಾಗುವುದಿಲ್ಲ. ಅಲೆ ತಲೆಕೆಳಗಾಗುತ್ತದೆ ಅಷ್ಟೆ.

ಇದಕ್ಕೆ ನಿಯಮಗಳೂ ಇವೆ. ಮೈಕು, ಮಿಕ್ಸರುಗಳಿಗೆ ಬಳಸುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲಿ 2ನೇ ಪಿನ್ ಪ್ಲಸ್ ಅಂತ ಆಡಿಯೋ ಎಂಜಿನಿಯರುಗಳ ಸಂಘ ಎಇಎಸ್ 1992ರಲ್ಲಿ ಬರೆದಿಟ್ಟಿತು. ಮೈಕಿನಿಂದ ಸ್ಪೀಕರಿನವರೆಗೆ ಪೊಲಾರಿಟಿ ಕಾಪಾಡುವ ಬಗ್ಗೆ 1995ರಲ್ಲಿ ಇನ್ನೊಂದು ಶಿಫಾರಸು ಮಾಡಿತು. ಅದಕ್ಕೂ ಮುಂಚೆ ಒಬ್ಬೊಬ್ಬರದು ಒಂದೊಂದು ಪದ್ಧತಿ. ಎಷ್ಟೋ ಹಳೇ ಅಮೆರಿಕನ್ ಉಪಕರಣಗಳಲ್ಲಿ 3ನೇ ಪಿನ್ ಪ್ಲಸ್ ಆಗಿತ್ತು. ಜೆಬಿಎಲ್ ಕಂಪನಿಯ ಹಳೇ ಸ್ಪೀಕರ್ ಡ್ರೈವರುಗಳಲ್ಲಿ ಕೆಂಪು ತುದಿಗೆ ಪ್ಲಸ್ ಕೊಟ್ಟರೆ ಕೋನ್ ಒಳಗೆ ಹೋಗುತ್ತಿತ್ತು. ಹೀಗಾಗಿ ನಿಮ್ಮ ಹತ್ತಿರ ಇರುವ ಹಳೇ ರೆಕಾರ್ಡಿಂಗ್ ನೇರವೋ ಉಲ್ಟಾನೋ ಅಂತ ಕವರ್ ನೋಡಿ ಹೇಳುವ ಹಾಗೆಯೇ ಇಲ್ಲ.

ಕಿವಿಗೆ ಇದು ಯಾಕೆ ಗೊತ್ತಾಗಬೇಕು? ಒಳಕಿವಿಯಲ್ಲಿ ಸಣ್ಣ ರೋಮಕೋಶಗಳಿವೆ. ಅವು ಒಂದೇ ದಿಕ್ಕಿಗೆ ತೆರೆಯುವ ಬಾಗಿಲಿನ ಹಾಗೆ. ರೋಮ ಒಂದು ಕಡೆಗೆ ಬಾಗಿದಾಗ ನರಕ್ಕೆ ಸುದ್ದಿ ಹೋಗುತ್ತದೆ, ಇನ್ನೊಂದು ಕಡೆಗೆ ಬಾಗಿದಾಗ ಸುಮ್ಮನಾಗುತ್ತದೆ. ಅಂದರೆ ಅಲೆಯ ಒಂದು ಅರ್ಧಕ್ಕೆ ಬೆಲೆ ಜಾಸ್ತಿ. ತಗ್ಗಿನ ಸ್ವರಗಳಲ್ಲಿ ನರ ಈ ಏರಿಳಿತದ ಜೊತೆ ಹೆಜ್ಜೆ ಹಾಕುತ್ತದೆ. ಸುಮಾರು 4,000ದಿಂದ 5,000 ಹರ್ಟ್ಸ್ ದಾಟಿದ ಮೇಲೆ ಆ ಹೆಜ್ಜೆ ತಪ್ಪುತ್ತದೆ. ಹಾಗಾಗಿ ತಾಳ, ಗೆಜ್ಜೆಯ ಚಿಣ್ ಶಬ್ದದಲ್ಲಿ ಪೊಲಾರಿಟಿ ಹುಡುಕುವುದು ದಂಡ. ಗಂಡಸಿನ ದಪ್ಪ ಧ್ವನಿ, ಟ್ರಂಪೆಟ್, ಚರ್ಮವಾದ್ಯದ ಪೆಟ್ಟು, ಇಂಥದ್ದರಲ್ಲಿ ಹುಡುಕಬೇಕು.

ಇನ್ನೊಂದು ಷರತ್ತು ಇದೆ. ಅಲೆಯ ಮೇಲರ್ಧ ಮತ್ತು ಕೆಳಗಿನ ಅರ್ಧ ಒಂದೇ ಥರ ಇದ್ದರೆ ತಿರುಗಿಸಿ ಏನೂ ಉಪಯೋಗ ಇಲ್ಲ. ಶುದ್ಧ ಸೈನ್ ಅಲೆಯನ್ನು ಎಷ್ಟು ಸಲ ತಿರುಗಿಸಿದರೂ ಅದು ಅದೇ ಶಬ್ದ. ಮೇಲೆ ಚೂಪಾಗಿ ಎದ್ದು ಕೆಳಗೆ ಚಪ್ಪಟೆಯಾಗಿರುವ ಅಲೆಯಲ್ಲಿ ಮಾತ್ರ ಕಿವಿಗೆ ಏನಾದರೂ ಸಿಗುವ ಸಾಧ್ಯತೆ ಇದೆ.

ಮೊದಲು ಎಡ ಬಲ ಒಂದೇ ಕಡೆ ಇದೆಯಾ ನೋಡಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಎರಡೂ ಸ್ಪೀಕರ್ ಉಲ್ಟಾ ಇರುವುದು ಬೇರೆ, ಒಂದು ಮಾತ್ರ ಉಲ್ಟಾ ಇರುವುದು ಬೇರೆ. ಎರಡನೆಯದು ಯಾರಿಗೆ ಬೇಕಾದರೂ ಕೇಳಿಸುತ್ತದೆ. ಒಂದು ಕೋನ್ ಹೊರಗೆ ಬರುವಾಗ ಇನ್ನೊಂದು ಒಳಗೆ ಹೋಗುತ್ತದೆ, ಗಾಳಿ ಅಲ್ಲಿಂದಲ್ಲಿಗೆ ಸರಿದು ಬೇಸ್ ಮಾಯ. ಹಾಡುವವರ ಧ್ವನಿ ಮಧ್ಯದಲ್ಲಿ ನಿಲ್ಲದೆ ಎರಡೂ ಕಿವಿಯ ಪಕ್ಕದಲ್ಲಿ ತೇಲಾಡುತ್ತದೆ. "ಫೇಸ್ ಸರಿ ಮಾಡಿದೆ, ಆಹಾ ಏನು ಬದಲಾವಣೆ" ಅನ್ನುವ ಕಥೆಗಳಲ್ಲಿ ಬಹಳಷ್ಟು ಇದೇ ಆಗಿರುತ್ತದೆ ಅಂತ ನನ್ನ ಅನುಮಾನ.

ನಮ್ಮ ಕಡೆ ಕಲ್ಯಾಣ ಮಂಟಪಗಳಲ್ಲಿ ಇದನ್ನು ಆಗಾಗ ಕೇಳಬಹುದು. ವೇದಿಕೆಯ ಆ ಕಡೆ ಒಂದು ಬೇಸ್ ಬಾಕ್ಸ್, ಈ ಕಡೆ ಒಂದು. ಯಾರೋ ಅವಸರದಲ್ಲಿ ಒಂದು ಕೇಬಲ್ ರಿಪೇರಿ ಮಾಡುವಾಗ 2ನೇ ಪಿನ್, 3ನೇ ಪಿನ್ ಅದಲುಬದಲು ಬೆಸುಗೆ ಹಾಕಿರುತ್ತಾರೆ. ಊಟದ ಹಾಲ್ ಹತ್ತಿರ ನಿಂತರೆ ಢಂ ಢಂ, ಮಧ್ಯದ ಸಾಲಿನ ಕುರ್ಚಿಯಲ್ಲಿ ಕೂತರೆ ಬೇಸೇ ಇಲ್ಲ. ಅವರು ವಾಲ್ಯೂಮ್ ಇನ್ನೂ ಏರಿಸುತ್ತಾರೆ, ಮದುವೆ ಮನೆಯವರ ಕಿವಿ ಹೋಗುತ್ತದೆ.

ಪರೀಕ್ಷೆ ಸುಲಭ. ಪ್ಲೇಯರನ್ನು ಮೋನೋ ಮಾಡಿ, ಅಂದರೆ ಎರಡೂ ಸ್ಪೀಕರಿಗೆ ಒಂದೇ ಶಬ್ದ ಹೋಗುವ ಹಾಗೆ, ಬೇಸ್ ಚೆನ್ನಾಗಿರುವ ಹಾಡು ಹಾಕಿ. ಎರಡು ಸ್ಪೀಕರನ್ನು ಒಂದು ಗೇಣು ಅಂತರದಲ್ಲಿ ಮುಖಾಮುಖಿ ಇಡಿ. ಒಂದು ಸ್ಪೀಕರಿನ ವೈರ್ ಮಾತ್ರ ತಿರುಗಿಸಿ ಮತ್ತೆ ಕೇಳಿ. ಬೇಸ್ ಯಾವಾಗ ತುಂಬಿಕೊಂಡು ಬರುತ್ತದೋ ಅದು ಸರಿ. ಪ್ರತಿ ಸಲ ವೈರ್ ಮುಟ್ಟುವ ಮುಂಚೆ ಆಂಪ್ಲಿಫೈಯರ್ ಆಫ್ ಮಾಡಿ. ಎರಡು ತಂತಿ ಒಂದಕ್ಕೊಂದು ತಗುಲಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು.

ಸೆಲ್ಲಿನಿಂದ ಕೋನ್ ನೋಡುವುದು

ಈಗ ನಿಮ್ಮ ಸ್ಪೀಕರಿನಲ್ಲಿ ಕೆಂಪು ನಿಜವಾಗಲೂ ಪ್ಲಸ್ಸಾ ಅಂತ ನೋಡೋಣ. ಸ್ಪೀಕರನ್ನು ಆಂಪ್ಲಿಫೈಯರಿನಿಂದ ಪೂರ್ತಿ ಬಿಡಿಸಿ. ಮುಂದಿನ ಬಟ್ಟೆಯ ಫ್ರೇಮ್ ತೆಗೆದು ವೂಫರ್, ಅಂದರೆ ಬೇಸ್ ನುಡಿಸುವ ದೊಡ್ಡ ಕೋನ್, ಕಾಣುವ ಹಾಗೆ ಮಾಡಿ. 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿನ ಪ್ಲಸ್ಸನ್ನು ಕೆಂಪು ತುದಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ ಬಿಡಿ. ಟಪ್ ಅನ್ನುತ್ತದೆ. ಕೋನ್ ಹೊರಗೆ ಜಿಗಿದರೆ ನೇರ, ಒಳಗೆ ಹೋದರೆ ಉಲ್ಟಾ. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಕೋನಿನ ಅಂಚಿನ ಹತ್ತಿರ ಬೆರಳಿನ ತುದಿ ಹಗುರವಾಗಿ ಇಟ್ಟುಕೊಳ್ಳಿ, ತಳ್ಳಿತಾ ಎಳೆಯಿತಾ ಗೊತ್ತಾಗುತ್ತದೆ. 9 ವೋಲ್ಟಿನ ಬ್ಯಾಟರಿ ಬೇಡ, ಸೆಲ್ಲನ್ನು ತುಂಬ ಹೊತ್ತು ಹಿಡಿದುಕೊಳ್ಳುವುದೂ ಬೇಡ.

ಹಳೇ ಸ್ಪೀಕರ್ ಆದರೆ ಈ ಹೊತ್ತಿಗೇ ಎರಡು ವಿಷಯ ನೋಡಿಬಿಡಿ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲ ಕಂಡ ಸ್ಪೀಕರಿನಲ್ಲಿ ಹಿಂದಿನ ತುದಿಗಳು ಹಸಿರು ಕಿಲುಬು ಹಿಡಿದಿರುತ್ತವೆ, ಕೋನ್ ಸುತ್ತಲಿನ ಫೋಮ್ ಬೆರಳು ತಾಗಿದರೆ ಪುಡಿಪುಡಿಯಾಗುತ್ತದೆ. ಅಂಥದ್ದನ್ನು ಇಟ್ಟುಕೊಂಡು ಅಬ್ಸಲ್ಯೂಟ್ ಫೇಸ್ ಬಗ್ಗೆ ಚರ್ಚೆ ಮಾಡುವುದು ತಮಾಷೆ. ಮೊದಲು ಫೋಮ್ ಹಾಕಿಸಿ.

ಇಲ್ಲಿ ಒಂದು ಗಮ್ಮತ್ತಿನ ವಿಷಯ. ಸ್ಪೀಕರ್ ಒಳಗಿನ, ಮೇಲಿನ ಸ್ವರ ನುಡಿಸುವ ಟ್ವೀಟರ್ ವೂಫರಿನ ಉಲ್ಟಾ ಇರುವುದು ಮಾಮೂಲಿ. ಶಬ್ದವನ್ನು ಇವೆರಡಕ್ಕೆ ಹಂಚುವ ಎರಡನೇ ದರ್ಜೆಯ ಕ್ರಾಸೋವರ್, ಅಂದರೆ ಪ್ರತಿ ಆಕ್ಟೇವಿಗೆ 12 ಡೆಸಿಬಲ್ ಇಳಿಸುವಂಥದ್ದು ಇದ್ದರೆ, ಟ್ವೀಟರನ್ನು ಬೇಕೆಂದೇ ತಿರುಗಿಸಿ ಜೋಡಿಸುತ್ತಾರೆ. ಇಲ್ಲದಿದ್ದರೆ ಎರಡೂ ಸೇರುವ ಜಾಗದಲ್ಲಿ ಶಬ್ದಕ್ಕೆ ಗುಂಡಿ ಬೀಳುತ್ತದೆ. ಅದನ್ನು ತಪ್ಪು ಅಂದುಕೊಂಡು ಬಿಚ್ಚಿ ಸರಿ ಮಾಡಲು ಹೋಗಬೇಡಿ. ಆದರೆ ಯೋಚನೆ ಮಾಡಿ, ಒಂದೇ ಡಬ್ಬದಲ್ಲಿ ಅರ್ಧ ಶಬ್ದ ನೇರ, ಅರ್ಧ ಶಬ್ದ ಉಲ್ಟಾ. ಇಂಥ ಸ್ಪೀಕರಿನಲ್ಲಿ ಇಡೀ ಹಾಡಿನ ಪೊಲಾರಿಟಿ ಸರಿ ಮಾಡುತ್ತೇನೆ ಅಂದರೆ ಯಾವ ಅರ್ಧದ್ದು? ಅದಕ್ಕೇ ಪರೀಕ್ಷೆಯನ್ನು ಹೆಡ್‌ಫೋನಿನಲ್ಲಿ ಶುರು ಮಾಡಿ ಅನ್ನುವುದು.

ಪರೀಕ್ಷೆಗೆ ಒಂದು ವಕ್ರ ಅಲೆ ಮಾಡಿಕೊಳ್ಳಿ

ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದನ್ನು ಹಾಕಿಕೊಂಡು ಪ್ರಾಜೆಕ್ಟ್ ರೇಟ್ 48,000 ಹರ್ಟ್ಸ್, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್, ಇಡಿ. ಜನರೇಟ್ ಮೆನುವಿನಲ್ಲಿ ಟೋನ್ ತೆಗೆದುಕೊಂಡು 120 ಹರ್ಟ್ಸಿನ ಸೈನ್ ಅಲೆ, ಆಂಪ್ಲಿಟ್ಯೂಡ್ 0.4, ಉದ್ದ 10 ಸೆಕೆಂಡ್ ಮಾಡಿ. ಇನ್ನೊಂದು ಹೊಸ ಟ್ರ್ಯಾಕಿನಲ್ಲಿ 240 ಹರ್ಟ್ಸ್, ಆಂಪ್ಲಿಟ್ಯೂಡ್ 0.2. ಈಗ ಈ ಎರಡನೇ ಟ್ರ್ಯಾಕಿನ ಶುರುವಿನಲ್ಲಿ ಕರ್ಸರ್ ಇಟ್ಟು 50 ಸ್ಯಾಂಪಲ್ ಸೈಲೆನ್ಸ್ ಸೇರಿಸಿ. 48,000 ಸ್ಯಾಂಪಲ್ಲಿಗೆ 240 ಅಲೆ ಅಂದರೆ ಒಂದು ಅಲೆಗೆ 200 ಸ್ಯಾಂಪಲ್, ಅದರ ಕಾಲುಭಾಗ 50. ಈ ಕಾಲು ಅಲೆ ಸರಿಸುವುದೇ ಮುಖ್ಯ, ಇಲ್ಲದಿದ್ದರೆ ಮೇಲೂ ಕೆಳಗೂ ಒಂದೇ ಎತ್ತರ ಬರುತ್ತದೆ. ಎರಡೂ ಟ್ರ್ಯಾಕ್ ಆಯ್ಕೆ ಮಾಡಿ ಮಿಕ್ಸ್ ಅಂಡ್ ರೆಂಡರ್ ಕೊಡಿ. ಮೊದಲ ಒಂದು ಸೆಕೆಂಡ್ ಕತ್ತರಿಸಿ ಬಿಸಾಕಿ.

ಝೂಮ್ ಮಾಡಿ ನೋಡಿ. ಅಲೆ ಮೇಲೆ 0.6ರವರೆಗೆ ಚೂಪಾಗಿ ಹೋಗುತ್ತದೆ, ಕೆಳಗೆ 0.3ಕ್ಕೇ ನಿಂತು ಎರಡು ಸಣ್ಣ ಗುಂಡಿ ಬಿದ್ದ ಹಾಗೆ ಕಾಣುತ್ತದೆ. ಮೇಲೆ ಇರುವುದು ಕೆಳಗಿನದರ ಎರಡರಷ್ಟು. ಇದಕ್ಕಿಂತ ಒಳ್ಳೆ ಪರೀಕ್ಷೆಯ ವಸ್ತು ಹುಡುಕಬೇಕಾಗಿಲ್ಲ.

120 ಹರ್ಟ್ಸ್ ಯಾಕೆ, 100 ಯಾಕಲ್ಲ ಅಂತ ಕೇಳಬಹುದು. ನಮ್ಮ ಕರೆಂಟ್ 50 ಹರ್ಟ್ಸ್. ಹಳೇ ಆಂಪ್ಲಿಫೈಯರಿನ ಗುಂಯ್ ಶಬ್ದ 50ರಲ್ಲೂ 100ರಲ್ಲೂ ಇರುತ್ತದೆ. ನಿಮ್ಮ ಟೋನ್ ಕೂಡ 100 ಆದರೆ ಎರಡೂ ಕಲಸಿಕೊಂಡು ನಿಧಾನ ಏರಿಳಿಯುತ್ತವೆ, ಅದನ್ನೇ ಪೊಲಾರಿಟಿ ವ್ಯತ್ಯಾಸ ಅಂದುಕೊಂಡು ಬಿಡುತ್ತೀರಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಮನೆ ನಡೆಯುತ್ತಿರುವಾಗ ಅಂತೂ ಈ ಕೆಲಸಕ್ಕೆ ಕೈ ಹಾಕಬೇಡಿ. ಆಷಾಢದಲ್ಲಿ ಮಲೆನಾಡಿನ ಕಡೆ ಇದ್ದರೆ ಕರೆಂಟ್ ಬರುವವರೆಗೆ ಕಾಯಿರಿ, ಬೇರೆ ದಾರಿ ಇಲ್ಲ.

ಈಗ ಆ ಟ್ರ್ಯಾಕನ್ನು ನಕಲು ಮಾಡಿ. ನಕಲನ್ನು ಆಯ್ಕೆ ಮಾಡಿ ಎಫೆಕ್ಟ್ ಮೆನುವಿನ ಸ್ಪೆಷಲ್ ಗುಂಪಿನಲ್ಲಿ ಇನ್ವರ್ಟ್ ಒತ್ತಿ. ಆಯಿತು. ನಂಬಿಕೆ ಬರದಿದ್ದರೆ ಎರಡನ್ನೂ ಒಟ್ಟಿಗೆ ನುಡಿಸಿ, ಒಂದನ್ನೊಂದು ಕಳೆದು ಪೂರ್ತಿ ನಿಶ್ಶಬ್ದ ಆಗಬೇಕು. ಏನಾದರೂ ಉಳಿದರೆ ಎಲ್ಲೋ ತಪ್ಪಾಗಿದೆ. ಎರಡಕ್ಕೂ ಶುರುವಿನಲ್ಲಿ, ಕೊನೆಯಲ್ಲಿ ಸಣ್ಣ ಫೇಡ್ ಕೊಡಿ, ಇಲ್ಲದಿದ್ದರೆ ಟಿಕ್ ಅನ್ನುವ ಶಬ್ದವೇ ಗುಟ್ಟು ಬಿಟ್ಟುಕೊಡುತ್ತದೆ. ಡಬ್ಲ್ಯುಎವಿ ಫೈಲ್ ಆಗಿ ಉಳಿಸಿ. ಎಂಪಿ3 ಬೇಡ.

ಹೆಡ್‌ಫೋನಿನಲ್ಲಿ ಕೇಳಿ. ಕಂಪ್ಯೂಟರಿನ ಬೇಸ್ ಬೂಸ್ಟ್, ಸರೌಂಡ್, ಅದು ಇದು ಎಲ್ಲಾ ಆಫ್ ಇರಲಿ. ಶ್ರುತಿ ಬದಲಾಗುವುದಿಲ್ಲ. ನಾದದ ಬಣ್ಣ ಮಾತ್ರ ಒಂದಿಷ್ಟು ಬೇರೆ ಅನ್ನಿಸಬಹುದು. ನನಗೆ ಇದು ಗೊತ್ತಾಗುತ್ತದೆ. ದೊಡ್ಡ ವ್ಯತ್ಯಾಸ ಅಲ್ಲ, ಆದರೆ ಇದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಲಿಪ್‌ಶಿಟ್ಸ್ ಮತ್ತು ವಾಂಡರ್‌ಕೂಯ್, ಜೊತೆಗೆ ಪೋಕಾಕ್, 1982ರಲ್ಲಿ ಪ್ರಕಟಿಸಿದ ಕೆಲಸದಲ್ಲೂ ಇಂಥದ್ದೇ ಮಾತಿದೆ. ಸರಳವಾದ, ಎರಡು ಪಕ್ಕ ಸಮ ಇಲ್ಲದ ಅಲೆಗಳಲ್ಲಿ, ಹೆಡ್‌ಫೋನಿನಲ್ಲಿ, ಪೊಲಾರಿಟಿ ತಿರುಗಿಸಿದ್ದು ಕಿವಿಗೆ ಸಿಗುತ್ತದೆ. ಕೋಣೆಯಲ್ಲಿ ಸ್ಪೀಕರಿನಿಂದ ಹಾಡು ಕೇಳುವಾಗ ಅದು ಬಹಳ ಸೂಕ್ಷ್ಮ.

ಆಮೇಲೆ ನಿಮ್ಮದೇ ಧ್ವನಿ. ಮೊಬೈಲಿನಲ್ಲೇ ರೆಕಾರ್ಡ್ ಮಾಡಿ, ಬಾಯಿಗೆ ಒಂದು ಗೇಣು ದೂರ ಹಿಡಿದು ದಪ್ಪ ಸ್ವರದಲ್ಲಿ "ಆ..." ಅನ್ನಿ. ಗೋಡೆಯ ಪ್ರತಿಧ್ವನಿ ಸೇರಬಾರದು. ಕಾಂಕ್ರೀಟ್ ತಾರಸಿಯ ಖಾಲಿ ಕೋಣೆ ಇದಕ್ಕೆ ಆಗುವುದಿಲ್ಲ. ಗಾಳಿ ಇಲ್ಲದ ಹೊತ್ತಿನಲ್ಲಿ ಬಯಲು ಅಥವಾ ಕಾಫಿ ತೋಟ ಒಳ್ಳೆಯದು, ಜೀರುಂಡೆ ಶುರುವಾಗುವ ಮುಂಚೆ. ಫೈಲನ್ನು ಆಡಾಸಿಟಿಯಲ್ಲಿ ತೆರೆದು ಝೂಮ್ ಮಾಡಿದರೆ ಕೆಲವರ ಧ್ವನಿಯಲ್ಲಿ ಒಂದು ಪಕ್ಕದ ಮೊನೆಗಳು ಇನ್ನೊಂದು ಪಕ್ಕಕ್ಕಿಂತ ಎದ್ದು ಕಾಣುತ್ತವೆ. ಗಂಟಲಿನ ಪಟಲಗಳು ತೆರೆಯುವುದು ನಿಧಾನ, ಮುಚ್ಚುವುದು ಪಟಕ್ಕನೆ, ಅದಕ್ಕೆ ಹೀಗೆ. ಇದನ್ನೂ ಇನ್ವರ್ಟ್ ಮಾಡಿ ಜೋಡಿ ಮಾಡಿಟ್ಟುಕೊಳ್ಳಿ. ಟೋನಿನಷ್ಟು ಸುಲಭ ಇರುವುದಿಲ್ಲ, ಮೊದಲೇ ಹೇಳಿದ್ದೇನೆ.

ರೇಡಿಯೋದಿಂದ ರೆಕಾರ್ಡ್ ಮಾಡಿಕೊಂಡ ಧ್ವನಿ ಇದಕ್ಕೆ ನಂಬಬೇಡಿ. ಪ್ರಸಾರ ಕೇಂದ್ರಗಳಲ್ಲಿ ಬಳಸುವ ಪ್ರೊಸೆಸರುಗಳಲ್ಲಿ ಫೇಸ್ ರೊಟೇಟರ್ ಅಂತ ಒಂದು ಭಾಗ ಇರುತ್ತದೆ. ಅದು ಮಾಡುವ ಕೆಲಸವೇ ಧ್ವನಿಯ ಮೇಲಿನ ಕೆಳಗಿನ ಎತ್ತರವನ್ನು ಸಮ ಮಾಡುವುದು. ಅಂದರೆ ನೀವು ಹುಡುಕುತ್ತಿರುವ ವಸ್ತುವನ್ನೇ ಅಳಿಸಿ ಕಳಿಸುತ್ತಾರೆ. ಕೋಟ್ಯಂತರ ಜನ ಕೇಳುತ್ತಾರೆ, ಯಾರೂ ದೂರು ಕೊಟ್ಟಿಲ್ಲ, ಅಲ್ವಾ.

ನಿಜವಾದ ಹಾಡಿಗೆ ಬಂದಾಗ

ಇಲ್ಲಿ ಕಥೆ ಕಲಸುಮೇಲೋಗರ. ಸಿನಿಮಾ ಹಾಡು ತೆಗೆದುಕೊಳ್ಳಿ. ಹತ್ತಾರು ಮೈಕು, ಸಿಂಥಸೈಜರ್, ಈಕ್ವಲೈಸರ್, ರಿವರ್ಬ್ (ಆಮೇಲೆ ಸೇರಿಸಿದ ಪ್ರತಿಧ್ವನಿ). ಡ್ರಮ್ ಸೆಟ್ಟಿನ ಸ್ನೇರಿಗೆ ಮೇಲೊಂದು ಕೆಳಗೊಂದು ಮೈಕ್ ಇಟ್ಟರೆ ಕೆಳಗಿನದನ್ನು ತಿರುಗಿಸುವುದೇ ರೂಢಿ, ಯಾಕೆಂದರೆ ಮೇಲಿನ ಚರ್ಮ ಕೆಳಗೆ ಹೋದಾಗ ಮೇಲಿನ ಮೈಕಿಗೆ ಒತ್ತಡ ಇಳಿಯುತ್ತದೆ, ಕೆಳಗಿನ ಮೈಕಿಗೆ ಏರುತ್ತದೆ. ಇನ್ನು ಗಾಯಕರ ಮೈಕ್ ನೇರ ಇದ್ದು ಗಿಟಾರಿನದು ಉಲ್ಟಾ ಇದ್ದರೆ ಮಿಕ್ಸ್ ಮಾಡಿದವರಿಗೂ ಗೊತ್ತಿರಬೇಕೆಂದಿಲ್ಲ. ಇಂಥ ಹಾಡಿಗೆ ಒಂದು ಸರಿಯಾದ ಪೊಲಾರಿಟಿ ಅನ್ನುವುದೇ ಇಲ್ಲ. ತಿರುಗಿಸಿದರೆ ಒಂದು ವಾದ್ಯ ಸರಿಯಾಗುತ್ತದೆ, ಇನ್ನೊಂದು ಕೆಡುತ್ತದೆ.

ಕಛೇರಿ ಸಂಗೀತ ಸ್ವಲ್ಪ ವಾಸಿ. ಹಾಡುಗಾರರಿಗೆ ಒಂದು ಮೈಕ್, ಪಿಟೀಲಿಗೆ ಒಂದು, ಮೃದಂಗಕ್ಕೆ ಒಂದೋ ಎರಡೋ. ಮೃದಂಗದ ವಿಷಯ ಸ್ವಲ್ಪ ನಿಂತು ನೋಡಬೇಕಾದ್ದು. ಕರಣೆ (ಕರಿ ಲೇಪ) ಇರುವ ಬಲಗಡೆ ಪೆಟ್ಟು ಬಿದ್ದಾಗ ಚರ್ಮ ಒಳಗೆ ಹೋಗುತ್ತದೆ, ಬಲಗಡೆಯ ಹೊರಗಾಳಿಯ ಒತ್ತಡ ಮೊದಲು ಇಳಿಯುತ್ತದೆ. ಒಳಗಿನ ಗಾಳಿ ಒತ್ತಿಕೊಂಡು ರವೆ ಹಚ್ಚಿದ ಎಡಗಡೆಯ ಚರ್ಮವನ್ನು ಹೊರಗೆ ತಳ್ಳುತ್ತದೆ, ಆ ಕಡೆ ಒತ್ತಡ ಮೊದಲು ಏರುತ್ತದೆ. ಎಡಗಡೆ ಬಾರಿಸಿದರೆ ಇದರ ತಿರುವುಮುರುವು. ಡೊಳ್ಳಿನದೂ ಇದೇ ಕಥೆ, ಇನ್ನೂ ಜೋರಾಗಿ. ಈಗ ಅರಕಲಗೂಡು ತಾಲೂಕಿನ ರುದ್ರಪಟ್ಟಣದಲ್ಲಿ, ಗಾಯಕ ಆರ್.ಕೆ. ಶ್ರೀಕಂಠನ್ ಅವರಂಥವರು ಹುಟ್ಟಿದ ಕಾವೇರಿ ದಡದ ಆ ಊರಲ್ಲಿ, ಮೈಕಿಲ್ಲದೆ ಒಂದು ಕಛೇರಿ ನಡೆಯುತ್ತಿದೆ ಅಂದುಕೊಳ್ಳಿ. ಮೃದಂಗದ ಬಲಕ್ಕೆ ಕೂತವರಿಗೆ ಪೆಟ್ಟಿನ ಶುರು ಒಂದು ಪೊಲಾರಿಟಿ, ಎಡಕ್ಕೆ ಕೂತವರಿಗೆ ಅದರ ಉಲ್ಟಾ. ಎಡಗಡೆ ಕೂತ ರಸಿಕರು "ಇವತ್ತು ಮೃದಂಗದ ಫೇಸ್ ಉಲ್ಟಾ ಇತ್ತು" ಅಂತ ಎದ್ದು ಹೋದದ್ದನ್ನು ಯಾರಾದರೂ ಕೇಳಿದ್ದೀರಾ? ಚರ್ಮವಾದ್ಯಕ್ಕೆ ಅಬ್ಸಲ್ಯೂಟ್ ಫೇಸ್ ಅನ್ನುವವರಿಗೆ ನನ್ನದು ಇದೇ ಪ್ರಶ್ನೆ.

ಬಾಯಿಂದ ಬರುವ ಧ್ವನಿ ಹಾಗಲ್ಲ. ಒತ್ತಡ ಏರಿದರೆ ಎಡ ಬಲ ಎದುರು ಎಲ್ಲಾ ಕಡೆಗೂ ಏರುತ್ತದೆ. ಹಾಗಾಗಿ ಹಾಡಿನಲ್ಲಿ ಪರೀಕ್ಷೆ ಮಾಡುವುದಾದರೆ ಒಬ್ಬರೇ ಹಾಡಿರುವ, ಮೈಕ್ ಹತ್ತಿರ ಇರುವ, ರಿವರ್ಬ್ ಕಡಿಮೆ ಇರುವ ತುಣುಕು ಆರಿಸಿ. ಕಛೇರಿಯ ಆಲಾಪನೆ ಪರವಾಗಿಲ್ಲ. ಐದರಿಂದ ಹತ್ತು ಸೆಕೆಂಡ್ ಸಾಕು. ಉದ್ದ ಆದರೆ ಮೊದಲು ಹೇಗಿತ್ತು ಅನ್ನುವುದೇ ಮರೆತುಹೋಗುತ್ತದೆ. ಅಮೆರಿಕದ ಗ್ರೈನರ್ ಮತ್ತು ಮೆಲ್ಟನ್ ಅನ್ನುವವರು 1994ರಲ್ಲಿ ಎಇಎಸ್ ಪತ್ರಿಕೆಯಲ್ಲಿ ಬರೆದದ್ದೂ ಈ ಕಡೆಗೇ ವಾಲುತ್ತದೆ. ತುಂಬಿದ ಸಂಗೀತದಲ್ಲಿ ಜನರಿಗೆ ಸುಲಭವಾಗಿ ಗೊತ್ತಾಗಲಿಲ್ಲ, ಆರಿಸಿದ ಸರಳ ಸಂಗೀತದಲ್ಲಿ ಗೊತ್ತಾಯಿತು.

ಕಣ್ಣು ಮುಚ್ಚಿ ಕೇಳಬೇಕು, ಎಣಿಸಬೇಕು

ವೈರ್ ತಿರುಗಿಸಿ, ಓಡಿ ಬಂದು ಕುರ್ಚಿಯಲ್ಲಿ ಕೂತು ಕೇಳುವ ಪದ್ಧತಿ ಬಿಟ್ಟುಬಿಡಿ. ಆಂಪ್ಲಿಫೈಯರ್ ಆಫ್ ಮಾಡಿ ಆನ್ ಮಾಡುವ ಹೊತ್ತಿಗೆ ಕಿವಿಯ ನೆನಪು ಹೋಗಿರುತ್ತದೆ. ಮೇಲಾಗಿ ಕುರ್ಚಿಯಲ್ಲಿ ತಲೆ ನಾಲ್ಕು ಬೆರಳು ಆಚೀಚೆ ಆದರೂ ಕೋಣೆಯಲ್ಲಿ ಶಬ್ದ ಬದಲಾಗುತ್ತದೆ, ಅದು ಪೊಲಾರಿಟಿಗಿಂತ ಎಷ್ಟೋ ಜಾಸ್ತಿ. ಎರಡು ಫೈಲ್ ಇಟ್ಟುಕೊಂಡು ಕೇಳುವುದೇ ವಾಸಿ. ಇದರಲ್ಲಿ ಒಂದು ಅನುಕೂಲವೂ ಇದೆ. ಬೇರೆ ಹೋಲಿಕೆಗಳಲ್ಲಿ ಎರಡರ ವಾಲ್ಯೂಮ್ ಸಮ ಮಾಡುವುದೇ ದೊಡ್ಡ ತಲೆನೋವು, ಇಲ್ಲಿ ಇನ್ವರ್ಟ್ ಮಾಡಿದರೆ ವಾಲ್ಯೂಮ್ ಕೂದಲಷ್ಟೂ ಬದಲಾಗುವುದಿಲ್ಲ.

ವಿಂಡೋಸ್ ಕಂಪ್ಯೂಟರ್ ಇದ್ದರೆ ಫೂಬಾರ್ 2000 ಪ್ಲೇಯರ್ ಹಾಕಿ, ಅದಕ್ಕೆ ಎಬಿಎಕ್ಸ್ ಕಂಪ್ಯಾರೇಟರ್ ಸೇರಿಸಿ. ಎ ನೇರ, ಬಿ ಉಲ್ಟಾ, ಎಕ್ಸ್ ಇವೆರಡರಲ್ಲಿ ಯಾವುದೋ ಒಂದು. ಎಕ್ಸ್ ಯಾವುದು ಅಂತ ನೀವು ಹೇಳಬೇಕು. ಲೆಕ್ಕ ಅದೇ ಇಡುತ್ತದೆ. ಇದೆಲ್ಲ ಬೇಡ ಅಂದರೆ ಮನೆಯವರನ್ನೋ ಸ್ನೇಹಿತರನ್ನೋ ಕೂರಿಸಿಕೊಳ್ಳಿ. ಅವರು ನಿಮಗೆ ಕಾಣದ ಹಾಗೆ ನಾಣ್ಯ ಚಿಮ್ಮಿ, ಹೆಡ್ ಬಂದರೆ ನೇರ, ಟೇಲ್ ಬಂದರೆ ಉಲ್ಟಾ ನುಡಿಸಲಿ, ಬರೆದುಕೊಳ್ಳಲಿ. ಅವರ ಮುಖ ನೋಡಬೇಡಿ. ಅವರಿಗೇ ಅರಿವಿಲ್ಲದೆ ಮುಖ ಉತ್ತರ ಹೇಳುತ್ತದೆ.

ಎಷ್ಟು ಸಲ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. 16 ಸಲ ಒಳ್ಳೆ ಲೆಕ್ಕ. ಅದರಲ್ಲಿ 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದರೆ, ಸುಮ್ನೆ ಊಹೆ ಮಾಡಿ ಅಷ್ಟು ಬರುವ ಸಾಧ್ಯತೆ ನೂರಕ್ಕೆ ಸುಮಾರು 4. ಅಂದರೆ ನಿಮಗೆ ಏನೋ ಕೇಳಿಸುತ್ತಿದೆ. 10 ಸಲಕ್ಕೆ 8 ಸರಿ ಬಂದರೆ ಖುಷಿಯಾಗುತ್ತದೆ, ಆದರೆ ಊಹೆಯಲ್ಲೂ ಅಷ್ಟು ಬರುವ ಸಾಧ್ಯತೆ ನೂರಕ್ಕೆ 5 ದಾಟುತ್ತದೆ. 9 ಬಂದರೆ ಮಾತಾಡೋಣ. ನಡುವೆ ಚೆನ್ನಾಗಿ ಬರುತ್ತಿದೆ ಅಂತ ನಿಲ್ಲಿಸುವುದು, ಕೆಟ್ಟದಾಗಿ ಬಂತು ಅಂತ ಮತ್ತೆ ಶುರು ಮಾಡುವುದು, ಎರಡೂ ಮೋಸ. ಸುಸ್ತಾದರೆ ಒಂದು ಲೋಟ ಕಾಫಿ ಕುಡಿದು ಬನ್ನಿ, ಲೆಕ್ಕ ಮಾತ್ರ ಬಿಟ್ಟಲ್ಲಿಂದಲೇ ಮುಂದುವರಿಸಿ.

ಮೊದಲು ಟೋನ್, ಆಮೇಲೆ ನಿಮ್ಮ ಧ್ವನಿ, ಆಮೇಲೆ ಹಾಡು, ಈ ಕ್ರಮದಲ್ಲೇ ಹೋಗಿ. ಟೋನಿನಲ್ಲೇ 16ಕ್ಕೆ 8 ಬಂದರೆ ಹಾಡಿನ ತನಕ ಹೋಗುವುದು ಬೇಕಾಗಿಲ್ಲ.

ಸ್ಪೀಕರಿನಲ್ಲಿ ಮಾತ್ರ ಗೊತ್ತಾದರೆ

ಹೆಡ್‌ಫೋನಿನಲ್ಲಿ ಗೊತ್ತಾಗದೆ ಸ್ಪೀಕರಿನಲ್ಲಿ ಗೊತ್ತಾದರೆ ಅನುಮಾನ ಪಡಬೇಕಾದ್ದು ಸ್ಪೀಕರ್ ಮೇಲೆ. ವೂಫರಿನ ಕೋನ್ ಹೊರಗೆ ಹೋಗುವಷ್ಟೇ ಸಲೀಸಾಗಿ ಒಳಗೆ ಹೋಗುವುದಿಲ್ಲ. ಮ್ಯಾಗ್ನೆಟ್ಟಿನ ಬಲ, ಕೋನನ್ನು ಹಿಂದಿನಿಂದ ಹಿಡಿದಿರುವ ಸ್ಪೈಡರಿನ ಬಿಗಿ, ಎರಡೂ ಕಡೆ ಒಂದೇ ಸಮ ಇರುವುದು ಅಪರೂಪ. ಚೂಪಾದ ಅರ್ಧ ಹೊರಗೆ ಬಂದಾಗ ಒಂದು ಥರ ಡಿಸ್ಟಾರ್ಷನ್, ಒಳಗೆ ಹೋದಾಗ ಇನ್ನೊಂದು ಥರ. ಆಗ ನೀವು ಕೇಳುತ್ತಿರುವುದು ಹಾಡಿನ ಪೊಲಾರಿಟಿಯನ್ನಲ್ಲ, ಸ್ಪೀಕರಿನ ಕುಂಟನ್ನು. ವಾಲ್ಯೂಮ್ ಚೆನ್ನಾಗಿ ಇಳಿಸಿ ಮತ್ತೆ 16 ಸಲ ಮಾಡಿ. ವ್ಯತ್ಯಾಸ ಹೋದರೆ ಬಹುಮಟ್ಟಿಗೆ ಕಾರಣ ಅದೇ.

ಇದಕ್ಕೆ ಅಂತ ದುಡ್ಡು ಸುರಿಯಬೇಡಿ ಅನ್ನುವುದು ಮಾತ್ರ ಖಂಡಿತ. ಬೆಂಗಳೂರಿನ ಒಂದು ಅಂಗಡಿಯಲ್ಲಿ ನನಗೆ ಫೇಸ್ ಸರಿಪಡಿಸಿದ ಕೇಬಲ್ ಅಂತ ಒಂದನ್ನು ಮಾರಲು ನೋಡಿದರು, ಆ ಬೆಲೆಗೆ ಇಲ್ಲಿ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್ ಬರುತ್ತದೆ. ಕೇಬಲ್ ಮಾಡಬಹುದಾದ್ದು ಒಂದೇ, ಎರಡು ತಂತಿ ಅದಲುಬದಲು. ಅದಕ್ಕೆ ನಿಮ್ಮ ಕೈ ಸಾಕು. ಕೆಲವು ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ರೂಪಕ್ಕೆ ತರುವ ಡಬ್ಬ) ಮತ್ತು ಸಿಡಿ ಪ್ಲೇಯರುಗಳಲ್ಲಿ ಪೊಲಾರಿಟಿ ಅಥವಾ ಇನ್ವರ್ಟ್ ಅನ್ನುವ ಬಟನ್ನೇ ಇರುತ್ತದೆ. ಇದ್ದರೆ ಒತ್ತಿ ಆಟ ಆಡಿ. ಇಲ್ಲದಿದ್ದರೆ ಕೊರಗಬೇಡಿ.

ಯಾವುದೋ ಒಂದು ಹಾಡಿನಲ್ಲಿ, ಹೆಡ್‌ಫೋನಿನಲ್ಲಿ, ಕಡಿಮೆ ವಾಲ್ಯೂಮಿನಲ್ಲೂ 12 ದಾಟಿ ಬಂತು ಅಂದುಕೊಳ್ಳಿ. ಆಗ ಎರಡರಲ್ಲಿ ನಿಮಗೆ ಯಾವುದು ಇಷ್ಟವೋ ಆ ಫೈಲನ್ನೇ ಉಳಿಸಿಕೊಳ್ಳಿ, ಅದು ತಿರುಗಿಸಿದ್ದಾದರೆ ಹೆಸರಿನ ಕೊನೆಯಲ್ಲಿ ಉಲ್ಟಾ ಅಂತ ಸೇರಿಸಿ. ಯಾವುದು ಸರಿ ಅಂತ ಕೇಳಬೇಡಿ, ಅದನ್ನು ಹೇಳಲು ರೆಕಾರ್ಡ್ ಮಾಡಿದ ಸ್ಟುಡಿಯೋದ ವೈರಿಂಗ್ ಗೊತ್ತಿರಬೇಕು. ಇಡೀ ಸಂಗ್ರಹವನ್ನು ಹೀಗೆ ಒಂದೊಂದಾಗಿ ಪರೀಕ್ಷೆ ಮಾಡಲು ಹೊರಟರೆ ಹಾಡು ಕೇಳುವುದು ಯಾವಾಗ ಅನ್ನುವುದನ್ನು ನೀವೇ ಯೋಚಿಸಿ.

ಪರೀಕ್ಷೆ ಮುಗಿದ ಮೇಲೆ ಸ್ಪೀಕರ್ ವೈರ್ ವಾಪಸ್ ಹಾಕುವಾಗ ಎರಡೂ ಕಡೆ ಕೆಂಪು ಕೆಂಪಿಗೇ ಹೋಗಿದೆಯಾ ನೋಡಿ. ವೈರಿನಲ್ಲಿ ಬಣ್ಣ ಇಲ್ಲದಿದ್ದರೆ ಒಂದು ಎಳೆಯ ಮೇಲೆ ಗೀರು ಅಥವಾ ಅಕ್ಷರ ಇರುತ್ತದೆ, ಅದನ್ನೇ ಎರಡೂ ತುದಿಯಲ್ಲಿ ಹಿಡಿಯಿರಿ. ಆಮೇಲೆ ಇನ್ನೊಂದು ಸಲ ಮೋನೋ ಮಾಡಿ, ಸ್ಪೀಕರ್ ಮುಖಾಮುಖಿ ಇಟ್ಟು ಬೇಸ್ ತುಂಬಿ ಬರುತ್ತಿದೆಯಾ ಕೇಳಿಬಿಡಿ.